ಹಿಡಿಕೆ ತಿರುಗಿಸುವವರು ನಾವು, ಗಾಳಿ ಬಿಡುವವರು ಯಾರು?

ಬೈಕಿನ ಬಲಗೈ ಹಿಡಿಕೆಯನ್ನು ತಿರುಗಿಸಿದರೆ ಎಂಜಿನ್ನಿಗೆ ಪೆಟ್ರೋಲ್ ಜಾಸ್ತಿ ಹೋಗುತ್ತದೆ ಎಂದೇ ಬಹಳ ಜನ ತಿಳಿದಿದ್ದಾರೆ. ಅಸಲಿಗೆ ಆ ಹಿಡಿಕೆ ಬಿಡುವುದು ಗಾಳಿಯನ್ನು. ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯಲ್ಲಿ ಒಂದು ತಡೆ ಇರುತ್ತದೆ. ಅದು ಸರಿದಷ್ಟೂ ಗಾಳಿ ನುಗ್ಗುತ್ತದೆ, ನುಗ್ಗಿದ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸೇರಿಕೊಳ್ಳುತ್ತದೆ. ಆ ತಡೆಯನ್ನು ಸವಾರನ ಕೈಯೇ ಎಳೆದು ಸರಿಸಿದರೆ ಅದು ಕೇಬಲ್ ಥ್ರಾಟಲ್. ಒಂದು ಪುಟ್ಟ ಮೋಟಾರು ಸರಿಸಿದರೆ ಎಲೆಕ್ಟ್ರಾನಿಕ್ ಥ್ರಾಟಲ್, ಕಂಪನಿಗಳ ಭಾಷೆಯಲ್ಲಿ ರೈಡ್ ಬೈ ವೈರ್.

ಈ ವಿಷಯ ಎತ್ತಿದರೆ ಸವಾರರಲ್ಲಿ ಎರಡು ಪಕ್ಷಗಳಾಗುತ್ತವೆ. "ಕೇಬಲ್ ಇದ್ರೆ ಗಾಡಿ ಏನು ಮಾಡ್ತಿದೆ ಅಂತ ಕೈಗೇ ಗೊತ್ತಾಗುತ್ತೆ, ಇದರಲ್ಲಿ ಏನೋ ಒಂದು ಲ್ಯಾಗ್" ಎನ್ನುವವರು ಒಂದು ಕಡೆ. "ಮಳೇಲಿ ರೇನ್ ಮೋಡ್, ಹೈವೇಲಿ ಕ್ರೂಸ್ ಕಂಟ್ರೋಲ್, ಕ್ಲಚ್ ಮುಟ್ಟದೆ ಗೇರ್, ಇನ್ನೇನು ಬೇಕು?" ಎನ್ನುವವರು ಇನ್ನೊಂದು ಕಡೆ. ಮೊದಲನೆಯವರು ಹೇಳುವ ಲ್ಯಾಗ್ ಸುಳ್ಳಲ್ಲ. ಆದರೆ ಅದನ್ನು ವೈರಿನ ತಲೆಗೆ ಕಟ್ಟುವುದು ಹೆಚ್ಚಿನ ಸಲ ತಪ್ಪು. ಅದು ಬೇರೆಲ್ಲೋ ಹುಟ್ಟುತ್ತದೆ, ಎಷ್ಟೋ ಸಲ ಬೇಕೆಂದೇ ಹುಟ್ಟಿಸಿರುತ್ತಾರೆ.

ಕೇಬಲ್ ಎಷ್ಟು ನೇರವಾಗಿತ್ತು?

1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳ ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಬಿಚ್ಚಿ ನೋಡಿದವರಿಗೆ ಈ ನೇರತನ ಕಣ್ಣಿಗೇ ಕಂಡಿರುತ್ತದೆ. ಕೇಬಲ್ಲಿನ ತುದಿಯಲ್ಲಿ ಒಂದು ಸ್ಲೈಡ್ ನೇತಾಡುತ್ತದೆ. ಹಿಡಿಕೆ ತಿರುಗಿಸಿದರೆ ಸ್ಲೈಡ್ ಮೇಲೇಳುತ್ತದೆ, ಅದಕ್ಕೆ ಕಚ್ಚಿಕೊಂಡ ಸೂಜಿಯೂ ಏಳುತ್ತದೆ, ಗಾಳಿಗೂ ಪೆಟ್ರೋಲಿಗೂ ಒಟ್ಟಿಗೇ ದಾರಿ ಬಿಡುತ್ತದೆ. ನಡುವೆ ಯಾರೂ ಇಲ್ಲ. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100ರಲ್ಲಿ ಇದೇ ಕೇಬಲ್ಲಿಗೆ ಇನ್ನೊಂದು ಕೆಲಸವೂ ಇತ್ತು. ಹಿಡಿಕೆಯಿಂದ ಇಳಿದ ಕೇಬಲ್ ದಾರಿಯಲ್ಲಿ ಕವಲೊಡೆದು, ಒಂದು ಕವಲು ಕಾರ್ಬುರೇಟರಿಗೆ, ಇನ್ನೊಂದು ಎಂಜಿನ್ನಿಗೆ ಎಣ್ಣೆ ಬಿಡುವ ಆಯಿಲ್ ಪಂಪಿಗೆ ಹೋಗುತ್ತಿತ್ತು. ಎರಡರ ಹೊಂದಾಣಿಕೆ ತಪ್ಪಿದರೆ ಒಂದೋ ಹೊಗೆ ಜಾಸ್ತಿ, ಇಲ್ಲವೇ ಪಿಸ್ಟನ್ ಜಾಮ್. ಹಳೆಯ ಮೆಕ್ಯಾನಿಕ್‌ಗಳು ಪಂಪಿನ ಗುರುತು ನೋಡಿಯೇ ಕೇಬಲ್ ಬಿಗಿ ಮಾಡುತ್ತಿದ್ದರು.

ಆಮೇಲೆ ಬಂದ ಸಿವಿ ಕಾರ್ಬುರೇಟರಿನಲ್ಲಿ ಈ ನೇರತನ ಅರ್ಧಕ್ಕಿಳಿಯಿತು. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಲ್ಲಿ ಬಿಎಸ್6 ಹೊಗೆ ನಿಯಮ ಬರುವವರೆಗೂ ಇದ್ದದ್ದು ಈ ಜಾತಿಯದೇ. ಇದರಲ್ಲಿ ಕೇಬಲ್ ತಿರುಗಿಸುವುದು ಒಂದು ದುಂಡನೆಯ ತೆಳು ತಟ್ಟೆಯನ್ನು, ಅದಕ್ಕೆ ಬಟರ್‌ಫ್ಲೈ ಎನ್ನುತ್ತಾರೆ. ಪೆಟ್ರೋಲಿನ ಸೂಜಿ ಹೊತ್ತ ಸ್ಲೈಡ್ ಬೇರೆಯೇ ಇರುತ್ತದೆ. ಅದನ್ನು ಎತ್ತುವುದು ರಬ್ಬರ್ ಡಯಾಫ್ರಮ್, ಅದೂ ಎಂಜಿನ್ ಎಳೆಯುವ ಗಾಳಿಯ ಒತ್ತಡ ಸಾಕಷ್ಟಿದ್ದರೆ ಮಾತ್ರ. ಸವಾರ ಹಿಡಿಕೆಯನ್ನು ಗಕ್ಕನೆ ಪೂರ್ತಿ ತಿರುಗಿಸಿದರೂ ಸ್ಲೈಡ್ ತನ್ನ ಹೊತ್ತಿಗೆ ತಾನು ಏಳುತ್ತದೆ. ಎಂಜಿನ್ ತಡವರಿಸದಿರಲಿ ಎಂದೇ ಹಾಗೆ ಮಾಡಿದ್ದು. "ಹಳೆ ಬುಲೆಟ್ಟಿನ ಥ್ರಾಟಲ್ ಫೀಲ್" ಎಂದು ಈಗ ನೆನೆಸಿಕೊಳ್ಳುವವರಲ್ಲಿ ಎಷ್ಟೋ ಜನ ನೆನೆಸಿಕೊಳ್ಳುತ್ತಿರುವುದು ಈ ಮಧ್ಯವರ್ತಿಯನ್ನೇ.

ಜಪಾನಿನ ದೊಡ್ಡ ಬೈಕುಗಳ ಕಥೆ ಇನ್ನೂ ಮಜವಾಗಿದೆ. 2001ರ ಸುಜುಕಿ ಜಿಎಸ್‌ಎಕ್ಸ್-ಆರ್1000ರಲ್ಲಿ ಪ್ರತಿ ಸಿಲಿಂಡರಿನ ಗಾಳಿದಾರಿಯಲ್ಲೂ ಎರಡೆರಡು ತಟ್ಟೆಗಳಿದ್ದವು. ಒಂದನ್ನು ಕೇಬಲ್ ತೆರೆಯುತ್ತಿತ್ತು, ಇನ್ನೊಂದನ್ನು ಕಂಪ್ಯೂಟರ್. ಸವಾರ ತನ್ನ ತಟ್ಟೆಯನ್ನು ಪೂರ್ತಿ ತೆರೆದರೂ ಕಂಪ್ಯೂಟರಿನ ತಟ್ಟೆ ಅರ್ಧಕ್ಕೆ ನಿಂತಿದ್ದರೆ ಗಾಳಿ ಅಷ್ಟಕ್ಕೇ. ಆ ಬೈಕನ್ನು ಯಾರೂ ಎಲೆಕ್ಟ್ರಾನಿಕ್ ಥ್ರಾಟಲ್ ಎಂದು ಬೈಯಲಿಲ್ಲ, ಕೈಯಲ್ಲಿ ಕೇಬಲ್ ಇತ್ತಲ್ಲ.

ಅರ್ಜಿ ಹಾಕುವ ಹಿಡಿಕೆ

2020ರ ಏಪ್ರಿಲ್ 1ಕ್ಕೆ ಬಿಎಸ್6 ಜಾರಿಗೆ ಬಂದಾಗ ನಮ್ಮ ಬೈಕುಗಳಲ್ಲಿ ಕಾರ್ಬುರೇಟರಿನ ಕಾಲ ಬಹುತೇಕ ಮುಗಿಯಿತು, ಫ್ಯುಯೆಲ್ ಇಂಜೆಕ್ಷನ್ ನೂರು ಸಿಸಿ ಬೈಕಿಗೂ ಇಳಿಯಿತು. ಕೇಬಲ್ ಮಾತ್ರ ಉಳಿಯಿತು. ಈಗ ಕೇಬಲ್ ತಟ್ಟೆಯನ್ನು ತೆರೆಯುತ್ತದೆ, ಎಷ್ಟು ತೆರೆದಿದೆ ಎಂದು ಒಂದು ಸೆನ್ಸರ್ ಇಸಿಯುಗೆ, ಅಂದರೆ ಎಂಜಿನ್ನಿನ ಕಂಪ್ಯೂಟರಿಗೆ, ತಿಳಿಸುತ್ತದೆ, ಇಸಿಯು ಲೆಕ್ಕ ಹಾಕಿ ಪೆಟ್ರೋಲ್ ಸಿಂಪಡಿಸುತ್ತದೆ. ಇಲ್ಲಿ ಸವಾರ ಮುಂದೆ, ಇಸಿಯು ಹಿಂದೆ. ಗಾಳಿ ಆಗಲೇ ಒಳಗೆ ನುಗ್ಗಿದೆ, ಅದಕ್ಕೆ ತಕ್ಕ ಪೆಟ್ರೋಲನ್ನು ಇಸಿಯು ಓಡೋಡಿ ಒದಗಿಸಬೇಕು.

ರೈಡ್ ಬೈ ವೈರ್‌ನಲ್ಲಿ ಈ ಸರದಿ ತಿರುವುಮುರುವಾಗುತ್ತದೆ. ಹಿಡಿಕೆ ಈಗ ಒಂದು ಅರ್ಜಿ, ಅಷ್ಟೇ. "ಇಷ್ಟು ಬೇಕು" ಎಂದು ಸವಾರ ಅರ್ಜಿ ಹಾಕುತ್ತಾನೆ. ಇಸಿಯು ಅದರ ಜೊತೆ ಆರ್‌ಪಿಎಂ, ಗೇರು, ಎಂಜಿನ್ನಿನ ಬಿಸಿ, ಆಯ್ಕೆ ಮಾಡಿದ ಮೋಡ್, ಕೆಲವು ಬೈಕುಗಳಲ್ಲಿ ಬೈಕು ಎಷ್ಟು ವಾಲಿದೆ ಎಂಬುದನ್ನೂ ನೋಡುತ್ತದೆ. ಈ ಕ್ಷಣಕ್ಕೆ ಇಷ್ಟು ಟಾರ್ಕ್ (ತಿರುಗಿಸುವ ಬಲ) ಸಾಕು ಎಂದು ತೀರ್ಮಾನಿಸಿ, ಅದಕ್ಕೆ ಬೇಕಾದಷ್ಟು ತಟ್ಟೆ ತೆರೆಯಲು ಮೋಟಾರಿಗೆ ಹೇಳುತ್ತದೆ. ಗಾಳಿ, ಪೆಟ್ರೋಲ್, ಕಿಡಿ ಮೂರೂ ಈಗ ಒಂದೇ ಕೈಯಲ್ಲಿ.

ಭಾಗಗಳು ಹೆಚ್ಚೇನಿಲ್ಲ. ಹಿಡಿಕೆಯ ಕೋನ ಅಳೆಯುವ ಸೆನ್ಸರ್, ತಟ್ಟೆ ತಿರುಗಿಸುವ ಸಣ್ಣ ಡಿಸಿ ಮೋಟಾರು ಮತ್ತು ಅದರ ಹಲ್ಲುಚಕ್ರಗಳು, ತಟ್ಟೆ ಎಲ್ಲಿದೆ ಎಂದು ಅಳೆಯುವ ಇನ್ನೊಂದು ಸೆನ್ಸರ್, ಇವೆಲ್ಲವನ್ನೂ ನೋಡಿಕೊಳ್ಳುವ ಇಸಿಯು. ಪ್ರತಿ ಸೆನ್ಸರಿನೊಳಗೂ ಜೋಡಿ ಅಳತೆ ಇರುತ್ತದೆ. ಒಂದೇ ಕೋನವನ್ನು ಎರಡು ಬೇರೆ ಬೇರೆ ವೋಲ್ಟೇಜಿನಲ್ಲಿ ಹೇಳುತ್ತವೆ. ಎರಡರ ನಡುವೆ ಇರಬೇಕಾದ ಲೆಕ್ಕ ತಪ್ಪಿದರೆ ಯಾವುದೋ ಒಂದು ಸುಳ್ಳು ಹೇಳುತ್ತಿದೆ ಎಂದು ಇಸಿಯುಗೆ ತಕ್ಷಣ ತಿಳಿಯುತ್ತದೆ.

ಉತ್ಪಾದನೆಯ ಬೈಕಿಗೆ ಇದನ್ನು ಮೊದಲು ತಂದವರು ಯಮಹಾದವರು, 2006ರ ವೈಜೆಡ್‌ಎಫ್-ಆರ್6ರಲ್ಲಿ. ಇಸಿಯು ಸೆಕೆಂಡಿನ ಸಾವಿರದ ಒಂದು ಭಾಗಕ್ಕೊಮ್ಮೆ ಲೆಕ್ಕ ಹಾಕುತ್ತದೆ ಎಂದು ಅವರು ಹೇಳಿಕೊಂಡಿದ್ದರು. ತಮಾಷೆ ಏನೆಂದರೆ, ಆ ಆರ್6ರಲ್ಲಿ ಹಿಡಿಕೆಯಿಂದ ಕೇಬಲ್ ಹಾಗೇ ಇಳಿಯುತ್ತಿತ್ತು. ಅದು ತಟ್ಟೆಯ ಬದಲು ಥ್ರಾಟಲ್ ಬಾಡಿಯ ಪಕ್ಕದ ಸೆನ್ಸರನ್ನು ತಿರುಗಿಸುತ್ತಿತ್ತು. ಯಮಹಾ ತನ್ನ ಆರ್1ರಲ್ಲಿ ಆ ಕೇಬಲ್ ತೆಗೆದು ಸೆನ್ಸರನ್ನು ಹಿಡಿಕೆಯ ಪಕ್ಕಕ್ಕೇ ತಂದದ್ದು 2020ರಲ್ಲಿ. ಅಲ್ಲಿಯವರೆಗೆ ಅದರ ಸವಾರರು ಎಳೆಯುತ್ತಿದ್ದದ್ದು ನಿಜವಾದ ಕೇಬಲ್ಲನ್ನು, ಗಾಳಿ ಬಿಡುತ್ತಿದ್ದದ್ದು ಮಾತ್ರ ಕಂಪ್ಯೂಟರ್. ಕೇಬಲ್ಲಿನ ಫೀಲ್ ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಸ್ಪ್ರಿಂಗಿನ ಬಿಗಿ ಮತ್ತು ತಿಕ್ಕಾಟ. ಅವೆರಡನ್ನೂ ಈಗ ಸೆನ್ಸರಿನ ಡಬ್ಬಿಯೊಳಗೇ ಕೂರಿಸುತ್ತಾರೆ. ಒಳ್ಳೆಯದು ಕೂರಿಸಿದರೆ ವ್ಯತ್ಯಾಸ ತಿಳಿಯುವುದಿಲ್ಲ, ಅಗ್ಗದ್ದು ಕೂರಿಸಿದರೆ ಹಿಡಿಕೆ ಜಾಳುಜಾಳಾಗಿ, ವಿಡಿಯೋ ಗೇಮಿನದರಂತೆ ಇರುತ್ತದೆ.

ನಮ್ಮಲ್ಲಿ ಇದು ದುಬಾರಿ ಬೈಕುಗಳಿಂದ ಕೆಳಗಿಳಿದ ದಾರಿ ಹೀಗಿದೆ. 2013ರಲ್ಲಿ ಕೇಬಲ್ಲಿನೊಂದಿಗೆ ಬಂದಿದ್ದ ಕೆಟಿಎಂ 390 ಡ್ಯೂಕ್‌ಗೆ 2017ರಲ್ಲಿ ರೈಡ್ ಬೈ ವೈರ್ ಸಿಕ್ಕಿತು. 2020ರ ಆರಂಭದಲ್ಲಿ ಟಿವಿಎಸ್ ಅಪಾಚೆ ಆರ್‌ಆರ್ 310ಕ್ಕೆ ಬಂತು. 2023ರಲ್ಲಿ ಟ್ರಯಂಫ್ ಸ್ಪೀಡ್ 400, ಹಿಮಾಲಯನ್ 450, 2024ರಲ್ಲಿ ಪಲ್ಸರ್ ಎನ್‌ಎಸ್400ಜೆಡ್. 2025ರ ಆಗಸ್ಟಿನಲ್ಲಿ ಹೀರೋ ಗ್ಲಾಮರ್ ಎಕ್ಸ್ ಎಂಬ 125 ಸಿಸಿ ಬೈಕಿಗೂ ಬಂದು, ಅದರ ಬೆನ್ನಿಗೇ ವೇಗವನ್ನು ತಾನೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಕೂಡ ಬಂತು. ಆಫೀಸಿಗೆ ಹೋಗುವ ಬೈಕಿಗೆ ಕ್ರೂಸ್ ಕಂಟ್ರೋಲ್ ಏಕೆ ಎಂದು ಕೇಳಬೇಡಿ. ಮೋಟಾರು ತಟ್ಟೆಯನ್ನು ತಾನೇ ಹಿಡಿದುಕೊಳ್ಳಬಲ್ಲದು ಎಂದಾದ ಮೇಲೆ ಅದಕ್ಕೆ ಬೇಕಾದ್ದು ಒಂದು ಸ್ವಿಚ್ಚು, ಒಂದಷ್ಟು ಸಾಫ್ಟ್‌ವೇರು.

ಲ್ಯಾಗ್ ಎಲ್ಲಿಂದ ಬರುತ್ತದೆ

ಎಲೆಕ್ಟ್ರಿಕ್ ಸಿಗ್ನಲ್ ತಂತಿಯಲ್ಲಿ ಹೋಗಲು ಹಿಡಿಯುವ ಹೊತ್ತನ್ನು ಮರೆತುಬಿಡಿ, ಅದು ಲೆಕ್ಕಕ್ಕೇ ಇಲ್ಲ. ಮೋಟಾರು ಮುಚ್ಚಿದ ತಟ್ಟೆಯನ್ನು ಪೂರ್ತಿ ತೆರೆಯಲು ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು ತೆಗೆದುಕೊಳ್ಳುತ್ತದೆ. ಊರೊಳಗೆ ನಾವು ಮಾಡುವ ಸಣ್ಣ ತಿರುವುಗಳಿಗೆ ಅದಕ್ಕಿಂತ ಬಹಳ ಕಡಿಮೆ ಸಾಕು. ಕೇಬಲ್ಲಿಗೂ ತನ್ನದೇ ಸತ್ತ ಜಾಗವಿದೆ. ಹಿಡಿಕೆಯ ಅಂಚಿನಲ್ಲಿ ಒಂದೆರಡು ಮಿಲಿಮೀಟರ್ ಪ್ಲೇ ಬಿಟ್ಟಿರಲೇಬೇಕು, ಎಷ್ಟೋ ಕಂಪನಿಗಳ ಕೈಪಿಡಿಯಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಹಳೆಯದಾಗಿ ಸಡಿಲಗೊಂಡ ಕೇಬಲ್ಲಿನಲ್ಲಿ ಅದು ಎರಡರಷ್ಟಾಗಿರುತ್ತದೆ. ಆದರೂ ಕೇಬಲ್ಲಿಗೆ ಲ್ಯಾಗ್ ಇದೆ ಎಂದು ಯಾರೂ ದೂರುವುದಿಲ್ಲ.

ಸವಾರರು ಲ್ಯಾಗ್ ಎಂದು ಕರೆಯುವುದರಲ್ಲಿ ಬಹುಪಾಲು ಮ್ಯಾಪ್. ಹಿಡಿಕೆಯ ಇಷ್ಟು ಕೋನಕ್ಕೆ ತಟ್ಟೆ ಇಷ್ಟು ತೆರೆಯಬೇಕು ಎಂದು ಎಂಜಿನಿಯರುಗಳು ಬರೆದಿಟ್ಟ ಪಟ್ಟಿಗೆ ಆ ಹೆಸರು. ಇದು ಏಕೆ ಮುಖ್ಯ ಎಂದು ತಿಳಿಯಲು ತಟ್ಟೆಯ ಒಂದು ಸ್ವಭಾವ ಗೊತ್ತಿರಬೇಕು. ಎಂಜಿನ್ ನಿಧಾನವಾಗಿ ತಿರುಗುವಾಗ ಅದಕ್ಕೆ ಬೇಕಾದ ಗಾಳಿ ಕಡಿಮೆ. ತಟ್ಟೆ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ ತೆರೆದರೆ ಆ ವೇಗದಲ್ಲಿ ಎಂಜಿನ್ ಕೊಡಬಹುದಾದ ಶಕ್ತಿಯ ಬಹುಪಾಲು ಬಂದುಬಿಡುತ್ತದೆ. ಉಳಿದ ತಿರುವು ಆ ಆರ್‌ಪಿಎಂನಲ್ಲಿ ಬರೀ ಕೈಗೆ ವ್ಯಾಯಾಮ. ಹೀಗಾಗಿ ಹಿಡಿಕೆಗೂ ತಟ್ಟೆಗೂ ಸಮಸಮ ಸಂಬಂಧ ಇಟ್ಟರೆ ಬೈಕು ಮೊದಲ ತಿರುವಿಗೇ ನೆಗೆಯುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಅದನ್ನು ತಿದ್ದಲು ಕೇಬಲ್ ಬೈಕುಗಳಲ್ಲೂ ಕೇಬಲ್ ಸುತ್ತಿಕೊಳ್ಳುವ ರಾಟೆಯನ್ನು ದುಂಡಗೆ ಮಾಡದೆ ಮೊಟ್ಟೆಯಂತೆ ಮಾಡುತ್ತಿದ್ದರು, ಮೊದಲು ನಿಧಾನ, ಆಮೇಲೆ ಚುರುಕು ತೆರೆಯಲಿ ಎಂದು. ರೇಸಿನವರು ಅದನ್ನು ತೆಗೆದು ಸ್ವಲ್ಪ ತಿರುವಿಗೇ ಪೂರ್ತಿ ತೆರೆಯುವ ಹಿಡಿಕೆ ಹಾಕಿಸಿಕೊಳ್ಳುತ್ತಿದ್ದರು. ಅಂದರೆ ಕೇಬಲ್ ಬೈಕಿನಲ್ಲೂ ಒಂದು ಮ್ಯಾಪ್ ಇತ್ತು, ಅಲ್ಯೂಮಿನಿಯಮ್ಮಿನಲ್ಲಿ ಕೊರೆದದ್ದು, ಇಡೀ ಬೈಕಿಗೆ ಒಂದೇ.

ಎಲೆಕ್ಟ್ರಾನಿಕ್ ಥ್ರಾಟಲ್‌ನಲ್ಲಿ ಆ ರಾಟೆಯನ್ನು ಪ್ರತಿ ಗೇರಿಗೊಂದು, ಪ್ರತಿ ಮೋಡ್‌ಗೊಂದು ಮಾಡಬಹುದು. ಇದರಿಂದ ಲಾಭ ಯಾರಿಗೆ ಎಂಬುದು ಬರೆದವರ ಮೇಲೆ ನಿಂತಿದೆ. ಅಪಾಚೆ ಆರ್‌ಆರ್ 310ರ 2020ರ ಅಂಕಿ ನೋಡಿ: ಸ್ಪೋರ್ಟ್, ಟ್ರ್ಯಾಕ್ ಮೋಡ್‌ಗಳಲ್ಲಿ 34 ಪಿಎಸ್ (ಎಂಜಿನ್ ಶಕ್ತಿಯ ಅಳತೆ), ಅರ್ಬನ್, ರೇನ್ ಮೋಡ್‌ಗಳಲ್ಲಿ 25.8 ಪಿಎಸ್. ಎಂಜಿನ್ ಅದೇ, ಪೆಟ್ರೋಲ್ ಅದೇ, ಸವಾರ ಹಿಡಿಕೆ ತಿರುಗಿಸಿದ್ದೂ ಅಷ್ಟೇ. ಎಂಟು ಪಿಎಸ್ ಎಲ್ಲಿ ಹೋಯಿತು? ತಟ್ಟೆ ಅಷ್ಟು ತೆರೆಯಲೇ ಇಲ್ಲ. ರೇನ್ ಮೋಡ್‌ನಲ್ಲಿ ಓಡಿಸಿ "ರೈಡ್ ಬೈ ವೈರ್ ಮಂದ" ಎಂದು ತೀರ್ಪು ಕೊಡುವವರೂ ಇದ್ದಾರೆ. ಮಂದವಾಗಿರಲಿ ಎಂದೇ ಅದನ್ನು ಬರೆದದ್ದು.

ಸದ್ದಿನ ನಿಯಮ, ಹೊಗೆಯ ನಿಯಮಗಳೂ ಈ ಪಟ್ಟಿಯೊಳಗೆ ಬಂದು ಕೂರುತ್ತವೆ. ಹಲವು ದೊಡ್ಡ ಬೈಕುಗಳಲ್ಲಿ ಕೆಳ ಗೇರುಗಳಲ್ಲಿ ಸವಾರ ಪೂರ್ತಿ ತಿರುಗಿಸಿದರೂ ತಟ್ಟೆ ಪೂರ್ತಿ ತೆರೆಯುವುದಿಲ್ಲ. ಇನ್ನೊಂದು ದೂರು, ಹಿಡಿಕೆ ಬಿಟ್ಟ ಮೇಲೂ ರೇಸ್ ತಕ್ಷಣ ಇಳಿಯುವುದಿಲ್ಲ ಎಂಬುದು. ಕೇಬಲ್ ಬೈಕಿನಲ್ಲಿ ಕೈ ಬಿಟ್ಟರೆ ತಟ್ಟೆ ಪಟ್ಟನೆ ಮುಚ್ಚುತ್ತದೆ, ಆ ಗಳಿಗೆ ಗಾಳಿ ಪೆಟ್ರೋಲಿನ ಲೆಕ್ಕ ಏರುಪೇರಾಗಿ ಹೊಗೆ ಕೆಡುತ್ತದೆ. ಎಲೆಕ್ಟ್ರಾನಿಕ್ ಥ್ರಾಟಲ್ ಅದನ್ನು ಮೆಲ್ಲಗೆ ಮುಚ್ಚಬಹುದು. ಹೊಗೆ ಪರೀಕ್ಷೆಗೆ ಒಳ್ಳೆಯದು, ಗೇರ್ ಬದಲಿಸುವವರಿಗೆ ಕಿರಿಕಿರಿ. ಈ ಒಂದು ವಿಷಯದಲ್ಲಿ ನಾನು ಪೂರ್ತಿ ಸವಾರರ ಕಡೆ. ಹಿಡಿಕೆ ಬಿಟ್ಟೆ ಎಂದರೆ ಬಿಟ್ಟೆ ಎಂದೇ ಅರ್ಥ.

ಇಷ್ಟು ಮ್ಯಾಪಿನ ಕಥೆ. ಜರ್ಕ್‌ನ ಕಥೆ ಬೇರೆ. ಬಂಪ್ ದಾಟಿ ಎರಡನೇ ಗೇರಿನಲ್ಲಿ ಮತ್ತೆ ಹಿಡಿಕೆ ತೆರೆದಾಗ ಬೈಕು ಮುಗ್ಗರಿಸಿದಂತೆ ಮಾಡುವುದು ಕೇಬಲ್ ಬೈಕಿನಲ್ಲೂ ಇದೆ, ವೈರ್ ಬೈಕಿನಲ್ಲೂ ಇದೆ. ಹಿಡಿಕೆ ಪೂರ್ತಿ ಬಿಟ್ಟಾಗ ಇಂಜೆಕ್ಷನ್ ಬೈಕು ಪೆಟ್ರೋಲನ್ನೇ ನಿಲ್ಲಿಸುತ್ತದೆ, ಉಳಿತಾಯಕ್ಕೂ ಹೊಗೆಗೂ ಒಳ್ಳೆಯದೆಂದು. ಮತ್ತೆ ತೆರೆದಾಗ ಪೆಟ್ರೋಲ್ ಶುರುವಾಗುವ ಆ ಗಳಿಗೆಯೇ ಜರ್ಕ್. ಅದರ ಮೇಲೆ ಚೈನ್ ಸಡಿಲವಿದ್ದರೆ, ಹಿಂಚಕ್ರದ ಹಬ್ಬಿನೊಳಗಿನ ರಬ್ಬರ್ ಸವೆದಿದ್ದರೆ, ಎಂಜಿನ್ ಎಳೆಯುವುದಕ್ಕೂ ಚಕ್ರ ತಿರುಗುವುದಕ್ಕೂ ನಡುವೆ ಒಂದು ಖಾಲಿ ಜಾಗ ಉಂಟಾಗಿ ಟಕ್ ಎಂದು ಹೊಡೆಯುತ್ತದೆ. ಥ್ರಾಟಲ್ ಸರಿಯಿಲ್ಲ ಎಂದು ಶೋರೂಮಿಗೆ ಒಯ್ಯುವ ಮೊದಲು ಚೈನ್ ಎಷ್ಟು ಜೋತುಬಿದ್ದಿದೆ ನೋಡಿ. ಅರ್ಧ ದೂರುಗಳು ಸ್ಪ್ಯಾನರಿನಲ್ಲೇ ಮುಗಿಯುತ್ತವೆ ಎಂಬುದು ಮೆಕ್ಯಾನಿಕ್‌ಗಳ ಮಾತು, ನನಗೂ ಹಾಗೇ ಅನ್ನಿಸಿದೆ.

ಎಲೆಕ್ಟ್ರಾನಿಕ್ ಥ್ರಾಟಲ್ ಈ ಜರ್ಕನ್ನು ಕಡಿಮೆ ಮಾಡಬಲ್ಲದು. ಸವಾರನ ಅರ್ಜಿ ಮೊದಲೇ ಗೊತ್ತಿರುವುದರಿಂದ ತಟ್ಟೆ ತೆರೆಯುವ ಮುನ್ನವೇ ಪೆಟ್ರೋಲ್, ಕಿಡಿ ಎರಡನ್ನೂ ಹೊಂದಿಸಿಕೊಂಡು ಚೈನನ್ನು ಮೆಲ್ಲಗೆ ಬಿಗಿ ಮಾಡಿ ಆಮೇಲೆ ಎಳೆಯಬಹುದು. ಅದನ್ನು ಚೆನ್ನಾಗಿ ಬರೆದ ಬೈಕಿನಲ್ಲಿ ಟ್ರಾಫಿಕ್ಕಿನ ಸವಾರಿ ಬೆಣ್ಣೆ. ಆರ್‌ಆರ್ 310ರಲ್ಲಿ ಹಿಡಿಕೆ ಮುಟ್ಟದೆ ಕ್ಲಚ್ ಬಿಟ್ಟರೆ ಸಾಕು, ಎಂಜಿನ್ ಆಫ್ ಆಗದಂತೆ ಬೈಕು ತಾನೇ ತೆವಳುತ್ತದೆ. ಅದನ್ನು ತಯಾರಿಸುವ ಹೊಸೂರಿಗೂ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೂ ನಡುವೆ ಇರುವ ದೂರ ಹೆಚ್ಚಿಲ್ಲ, ಬರೆದವರು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡಿರಬಹುದು ಎಂದು ಊಹಿಸಬಹುದು.

ಕೆಟ್ಟರೆ ಏನು?

ಈ ಪ್ರಶ್ನೆ ಬಂದಾಗಲೇ ಕೇಬಲ್ ಪಕ್ಷದವರ ಧ್ವನಿ ಏರುವುದು. ಕೇಬಲ್ ಸುಮ್ಮನೆ ಒಂದು ದಿನ ತುಂಡಾಗುವುದು ಕಡಿಮೆ. ಒಳಗಿನ ಎಳೆಗಳು ಒಂದೊಂದಾಗಿ ಹರಿಯುತ್ತವೆ, ಹೆಚ್ಚಾಗಿ ತುದಿಯ ಗುಂಡಿನ ಹತ್ತಿರ. ಹಿಡಿಕೆ ಮರಳು ತುಂಬಿದಂತೆ ಕರಕರ ಎನ್ನುತ್ತದೆ, ಬಿಟ್ಟಾಗ ಹಿಂದಕ್ಕೆ ಬರಲು ಸೋಮಾರಿತನ ತೋರಿಸುತ್ತದೆ. ಕೇಳಿಸಿಕೊಳ್ಳುವವನಿಗೆ ಮುನ್ಸೂಚನೆ ಧಾರಾಳ. ಹೊಸ ಕೇಬಲ್ಲಿಗೆ ಕೆಲವು ನೂರು ರೂಪಾಯಿ, ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಯಾವ ಬೈಕಿನದಾದರೂ ಸಿಗುತ್ತದೆ. ಲಡಾಖ್ ಕಡೆ ಹೋಗುವವರು ಹಳೆಯ ಕೇಬಲ್ಲಿನ ಪಕ್ಕದಲ್ಲೇ ಹೊಸದೊಂದನ್ನು ಟೇಪ್ ಸುತ್ತಿ ಎಳೆದಿಟ್ಟಿರುತ್ತಾರೆ. ತುಂಡಾದರೆ ಎರಡು ತುದಿ ಬದಲಿಸಿದರಾಯಿತು. ಅದೂ ಇಲ್ಲದಿದ್ದರೆ ಕಾರ್ಬುರೇಟರಿನ ಐಡ್ಲಿಂಗ್ ಸ್ಕ್ರೂ ತಿರುಗಿಸಿ, ರೇಸ್ ಏರಿಸಿಕೊಂಡು, ಕ್ಲಚ್ಚಿನಲ್ಲೇ ಸಂಭಾಳಿಸುತ್ತಾ ಊರು ಸೇರಿದವರಿದ್ದಾರೆ.

ಆದರೆ ಕೇಬಲ್ಲಿನ ಕೆಟ್ಟ ಗುಣ ಅದು ತುಂಡಾಗುವುದರಲ್ಲಿಲ್ಲ, ಸಿಕ್ಕಿಕೊಳ್ಳುವುದರಲ್ಲಿದೆ. ತುಕ್ಕು ಹಿಡಿದರೆ, ಕೆಸರು ಸೇರಿದರೆ, ಟ್ಯಾಂಕಿನಡಿ ಮಡಚಿಕೊಂಡರೆ ತಟ್ಟೆ ತೆರೆದೇ ಉಳಿಯಬಹುದು. ಎತ್ತರದ ಹ್ಯಾಂಡಲ್ ಹಾಕಿಸಿ ಅದೇ ಹಳೆಯ ಕೇಬಲ್ ಉಳಿಸಿಕೊಂಡರೆ ಹ್ಯಾಂಡಲ್ ತಿರುಗಿಸಿದಾಗಲೇ ಕೇಬಲ್ ಎಳೆದುಕೊಳ್ಳುತ್ತದೆ. ಯೂ ಟರ್ನ್‌ನಲ್ಲಿ ಬೈಕು ತಾನಾಗಿ ಮುನ್ನುಗ್ಗಿದರೆ ಕಾರಣ ಹೆಚ್ಚಾಗಿ ಇದೇ. ಪರೀಕ್ಷೆ ಸುಲಭ: ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರುವಾಗ ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ರೇಸ್ ಒಂದಿಷ್ಟೂ ಬದಲಾಗಬಾರದು. ದೊಡ್ಡ ಬೈಕುಗಳಲ್ಲಿ ಎರಡು ಕೇಬಲ್ ಇರುವುದು ಈ ಭಯಕ್ಕೇ, ಒಂದು ತೆರೆಯಲು, ಇನ್ನೊಂದು ಮುಚ್ಚಲು. ಸ್ಪ್ರಿಂಗ್ ಕೈಕೊಟ್ಟರೂ ಸವಾರ ಬಲವಂತವಾಗಿ ಮುಚ್ಚಬಹುದು.

ಎಲೆಕ್ಟ್ರಾನಿಕ್ ಥ್ರಾಟಲ್‌ನಲ್ಲಿ ಬಲವಂತ ಮಾಡಲು ಏನೂ ಇಲ್ಲ. ಅದರ ಬದಲು ಅನುಮಾನ ಇದೆ. ಎರಡು ಸೆನ್ಸರುಗಳ ಮಾತು ಹೊಂದದಿದ್ದರೆ, ಅಥವಾ ಹೇಳಿದಲ್ಲಿಗೆ ತಟ್ಟೆ ಹೋಗದಿದ್ದರೆ, ಇಸಿಯು ಮೋಟಾರಿನ ಕರೆಂಟ್ ತೆಗೆದುಬಿಡುತ್ತದೆ. ಆಗ ಸ್ಪ್ರಿಂಗುಗಳು ತಟ್ಟೆಯನ್ನು ಪೂರ್ತಿ ಮುಚ್ಚದೆ, ಒಂದು ಕೂದಲೆಳೆಯಷ್ಟು ತೆರೆದ ಜಾಗಕ್ಕೆ ತಂದು ನಿಲ್ಲಿಸುತ್ತವೆ. ಮೀಟರಿನಲ್ಲಿ ಎಂಜಿನ್ ದೀಪ ಹತ್ತುತ್ತದೆ, ಬೈಕು ತೆವಳುವ ವೇಗಕ್ಕೆ ಇಳಿಯುತ್ತದೆ. ಇದನ್ನು ಲಿಂಪ್ ಮೋಡ್ ಎನ್ನುತ್ತಾರೆ, ಕುಂಟುತ್ತಾ ಬದಿಗೆ ಬರಲು ಸಾಕು. ಬೈಕು ತಾನೇ ಓಡಿಹೋಗುವುದಕ್ಕಿಂತ ನಿಂತುಹೋಗುವುದು ಮೇಲು ಎಂಬುದು ಇದರ ಲೆಕ್ಕ. ಲೆಕ್ಕ ಸರಿಯೇ. ಆದರೆ ಲಾರಿಯನ್ನು ಓವರ್‌ಟೇಕ್ ಮಾಡುವ ನಡುವೆ ಹೀಗಾದರೆ ಅದು ಸರಿ ಎಂದು ಮೆಚ್ಚುವ ಮನಸ್ಸು ಯಾರಿಗೂ ಇರುವುದಿಲ್ಲ.

ಕೆಡುವ ಕಾರಣಗಳೂ ಹೆಚ್ಚಿನವು ಸಪ್ಪೆಯೇ. ಹ್ಯಾಂಡಲಿನ ಬುಡದಲ್ಲಿ ವೈರಿಂಗ್ ಪ್ರತಿ ತಿರುವಿಗೂ ಬಾಗುತ್ತದೆ, ವರ್ಷಗಳ ಮೇಲೆ ಒಳಗಿನ ಒಂದು ಎಳೆ ಬಿರುಕು ಬಿಡಬಹುದು. ಕನೆಕ್ಟರಿನೊಳಗೆ ನೀರು ಸೇರಬಹುದು. ಮಲೆನಾಡಿನ ಮಳೆಗಿಂತ ವಾಟರ್ ಸರ್ವೀಸಿನ ಪ್ರೆಶರ್ ಗನ್ ಇದಕ್ಕೆ ದೊಡ್ಡ ಶತ್ರು, ಮಳೆ ಮೇಲಿಂದ ಬೀಳುತ್ತದೆ, ಗನ್ನು ಸೀಲಿನ ಸಂದಿಗೇ ಹೊಡೆಯುತ್ತದೆ. ಸೋತ ಬ್ಯಾಟರಿಯೂ ಇಲ್ಲದ ತಪ್ಪುಗಳನ್ನು ಹುಟ್ಟಿಸುತ್ತದೆ. ಎತ್ತರದ ಹ್ಯಾಂಡಲ್ ಹಾಕಿಸಿದಾಗ ಕೇಬಲ್ ಎಳೆದಂತೆಯೇ ಇಲ್ಲಿ ವೈರಿಂಗ್ ಎಳೆಯುತ್ತದೆ, ಎಚ್ಚರ ಅದೇ. ಇನ್ನೊಂದು: ಥ್ರಾಟಲ್ ಬಾಡಿ ಕ್ಲೀನ್ ಮಾಡುವಾಗ ಕೇಬಲ್ ಬೈಕಿನ ಅಭ್ಯಾಸದಲ್ಲಿ ತಟ್ಟೆಯನ್ನು ಬೆರಳಿನಿಂದ ಒತ್ತಿ ತೆರೆಯುವ ಗ್ಯಾರೇಜುಗಳಿವೆ. ಒಳಗಿನ ಸಣ್ಣ ಹಲ್ಲುಚಕ್ರಗಳಿಗೆ ಅದು ಒಳ್ಳೆಯದಲ್ಲ. ಕ್ಲೀನ್ ಮಾಡಿದ ಮೇಲೆ ತಟ್ಟೆಯ ಮುಚ್ಚಿದ ಜಾಗ ಯಾವುದು ಎಂದು ಇಸಿಯುಗೆ ಮತ್ತೆ ಕಲಿಸಬೇಕಾಗುತ್ತದೆ, ಹಲವು ಬೈಕುಗಳಲ್ಲಿ ಅದಕ್ಕೆ ಸ್ಕ್ಯಾನರ್ ಬೇಕು. ಕೀ ಆನ್ ಮಾಡಿದಾಗ ಕೇಳುವ ಸಣ್ಣ ಗುಂಯ್ ಸದ್ದಿನಲ್ಲಿ ಪೆಟ್ರೋಲ್ ಪಂಪಿನದಷ್ಟೇ ಅಲ್ಲ, ಕೆಲವು ಬೈಕುಗಳಲ್ಲಿ ತಟ್ಟೆ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ ಸದ್ದೂ ಸೇರಿರುತ್ತದೆ. ಅದು ಮುಗಿಯುವವರೆಗೆ ಸೆಲ್ಫ್ ಬಟನ್ ಒತ್ತದಿದ್ದರೆ ನಷ್ಟವೇನಿಲ್ಲ.

ಹಾಗಾದರೆ ಕೇಬಲ್ ಬೈಕು ಕೊಂಡರೆ ದಾರಿಯಲ್ಲಿ ನಿಲ್ಲುವ ಭಯವಿಲ್ಲವೇ? ಇಲ್ಲಿ ಕೇಬಲ್ ಪಕ್ಷದವರು ಒಂದು ವಿಷಯ ಮರೆಯುತ್ತಾರೆ. ಈಗಿನ ಕೇಬಲ್ ಬೈಕಿಗೂ ಇಸಿಯು ಬೇಕು, ಇಂಜೆಕ್ಟರ್ ಬೇಕು, ಪೆಟ್ರೋಲ್ ಪಂಪ್ ಬೇಕು, ಅವಕ್ಕೆಲ್ಲ ಕರೆಂಟ್ ಬೇಕು. ಅವು ಕೈಕೊಟ್ಟರೆ ಗಟ್ಟಿಮುಟ್ಟಾದ ಕೇಬಲ್ ಇಟ್ಟುಕೊಂಡು ಏನೂ ಮಾಡಲಾಗದು. ಎಷ್ಟೋ ಇಂಜೆಕ್ಷನ್ ಬೈಕುಗಳಲ್ಲಿ ಐಡ್ಲಿಂಗನ್ನೂ ಇಸಿಯು ನೋಡಿಕೊಳ್ಳುವುದರಿಂದ ಹಳೆಯ ಸ್ಕ್ರೂ ಉಪಾಯವೂ ನಡೆಯುವುದಿಲ್ಲ. ದಾರಿಬದಿಯ ರಿಪೇರಿ ನಿಜವಾಗಿ ಕಳೆದುಹೋದದ್ದು 2020ರಲ್ಲಿ, ಕಾರ್ಬುರೇಟರ್ ಹೋದಾಗ. ರೈಡ್ ಬೈ ವೈರ್ ಅದಕ್ಕೆ ಇನ್ನೊಂದು ಸೀಲು ಒತ್ತಿತು ಅಷ್ಟೇ. ಆದರೂ ಒಂದು ಕೇಬಲ್ಲನ್ನು ಯಾವ ಊರಿನ ಮೆಕ್ಯಾನಿಕ್ ಆದರೂ ಬದಲಿಸಬಲ್ಲ. ಹಿಡಿಕೆಯ ಸೆನ್ಸರ್ ಕೆಟ್ಟರೆ ಪಾರ್ಟ್ ಬರುವವರೆಗೆ ಶೋರೂಮಿನ ಮುಂದೆ ಬೈಕು ಧೂಳು ತಿನ್ನುತ್ತದೆ. ಬೀದರಿನಲ್ಲೋ ಕಾರವಾರದಲ್ಲೋ ಇರುವವರಿಗೆ ಈ ವ್ಯತ್ಯಾಸ ಬೆಂಗಳೂರಿನವರಿಗಿಂತ ಹೆಚ್ಚು ತಟ್ಟುತ್ತದೆ.

ಒಂದೇ ಮನೆಯಲ್ಲಿ ಎರಡೂ

ಬಜಾಜ್ ಪುಣೆ ಬಳಿಯ ಚಾಕಣದಲ್ಲಿ ತಯಾರಿಸುವ ಟ್ರಯಂಫ್ ಬೈಕುಗಳಲ್ಲಿ ಈ ವ್ಯತ್ಯಾಸವನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಸ್ಪೀಡ್ 400ಕ್ಕೆ ಎಲೆಕ್ಟ್ರಾನಿಕ್ ಥ್ರಾಟಲ್ ಇದೆ, ಜೊತೆಗೆ ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್. 2024ರಲ್ಲಿ ಬೆಲೆ ಇಳಿಸಲು ತಂದ ಸ್ಪೀಡ್ ಟಿ4ರಲ್ಲಿ ಅದೇ ಕುಟುಂಬದ ಎಂಜಿನ್ನನ್ನು ಕೆಳ ಆರ್‌ಪಿಎಂಗೆ ಹೊಂದಿಸಿ, ಥ್ರಾಟಲ್‌ಗೆ ಕೇಬಲ್ ಹಾಕಿದರು, ಟ್ರ್ಯಾಕ್ಷನ್ ಕಂಟ್ರೋಲ್ ತೆಗೆದರು. ಈ ಎರಡು ಒಟ್ಟಿಗೇ ಹೋದದ್ದು ಆಶ್ಚರ್ಯವಲ್ಲ. ಕೇಬಲ್ ಬೈಕಿನಲ್ಲೂ ಕಿಡಿ ಕಡಿದು, ಪೆಟ್ರೋಲ್ ಕಡಿದು ಚಕ್ರ ಜಾರುವುದನ್ನು ತಡೆಯಬಹುದು, ಆದರೆ ಅದು ಒರಟು. ತಟ್ಟೆಯನ್ನೇ ಸ್ವಲ್ಪ ಮುಚ್ಚುವ ಅನುಕೂಲವಿದ್ದರೆ ಸವಾರನಿಗೆ ಗೊತ್ತಾಗದಂತೆ ಸರಿಪಡಿಸಬಹುದು. ಕ್ಲಚ್ ಹಿಡಿಯದೆ ಗೇರ್ ಇಳಿಸುವ ಸೌಲಭ್ಯವೂ ಹೀಗೇ. ಗೇರ್ ಏರಿಸಲು ಕಿಡಿ ಒಂದು ಗಳಿಗೆ ನಿಲ್ಲಿಸಿದರೆ ಸಾಕು, ಇಳಿಸಲು ಮಾತ್ರ ರೇಸ್ ಕೊಡಬೇಕು, ಸವಾರ ಹಿಡಿಕೆ ಬಿಟ್ಟಿರುವಾಗ ತಟ್ಟೆ ತೆರೆಯಬಲ್ಲದ್ದು ಮೋಟಾರು ಒಂದೇ.

ನನ್ನ ಲೆಕ್ಕದಲ್ಲಿ ಹೈವೇ, ಮಳೆ, ದೂರದ ಪ್ರಯಾಣ ಹೆಚ್ಚಿರುವವರು ಹಿಂಜರಿಯಬೇಕಿಲ್ಲ. ಬೈಕನ್ನು ಹತ್ತು ಹದಿನೈದು ವರ್ಷ ಇಟ್ಟುಕೊಳ್ಳುವವರು, ಸರ್ವೀಸ್ ಸೆಂಟರ್ ದೂರ ಇರುವವರು, ರಾಯಲ್ ಎನ್‌ಫೀಲ್ಡ್‌ನ 350ರಂತೆ ಇನ್ನೂ ಕೇಬಲ್ಲಿನಲ್ಲೇ ಇರುವ ಬೈಕನ್ನು ನೋಡುವುದರಲ್ಲಿ ಅರ್ಥವಿದೆ. "ಪಿಕಪ್ ಜಾಸ್ತಿ ಮಾಡುತ್ತೆ" ಎಂದು ಮಾರುವ ಥ್ರಾಟಲ್ ಕಂಟ್ರೋಲರ್ ಡಬ್ಬಿಗಳಿಗೆ ಮಾತ್ರ ದುಡ್ಡು ಹಾಕಬೇಡಿ. ಅವು ಹಿಡಿಕೆಗೂ ಇಸಿಯುಗೂ ನಡುವೆ ಕೂತು ಅರ್ಜಿಯಲ್ಲಿನ ಅಂಕಿಯನ್ನು ದೊಡ್ಡದು ಮಾಡಿ ಕಳಿಸುತ್ತವೆ. ಅರ್ಧ ತಿರುವಿಗೆ ಬರುತ್ತಿದ್ದುದು ಕಾಲು ತಿರುವಿಗೇ ಬರುತ್ತದೆ, ಎಂಜಿನ್ನಿನ ಶಕ್ತಿ ಇದ್ದಷ್ಟೇ ಇರುತ್ತದೆ, ಜೊತೆಗೆ ವಾರಂಟಿಯ ಜಗಳ ಬೇರೆ.

ಟೆಸ್ಟ್ ರೈಡಿಗೆ ಹೋದಾಗ ಖಾಲಿ ರಸ್ತೆಯಲ್ಲಿ ಪೂರ್ತಿ ತಿರುಗಿಸಿ ನೋಡುವುದರಿಂದ ಥ್ರಾಟಲ್ ಬಗ್ಗೆ ಏನೂ ತಿಳಿಯುವುದಿಲ್ಲ, ಎಲ್ಲ ಬೈಕುಗಳೂ ಅಲ್ಲಿ ಚೆನ್ನಾಗಿಯೇ ಇರುತ್ತವೆ. ಎರಡನೇ ಗೇರಿನಲ್ಲಿ ಇಪ್ಪತ್ತು ಇಪ್ಪತ್ತೈದರ ವೇಗದಲ್ಲಿ ಹಿಡಿಕೆಯನ್ನು ಪೂರ್ತಿ ಬಿಟ್ಟು, ಒಂದು ಗಳಿಗೆ ತಡೆದು, ಮೆಲ್ಲಗೆ ತೆರೆಯಿರಿ. ಅದನ್ನೇ ಪ್ರತಿ ಮೋಡ್‌ನಲ್ಲೂ ಮಾಡಿ. ನಿಂತಲ್ಲೇ ನ್ಯೂಟ್ರಲ್‌ನಲ್ಲಿ ಒಮ್ಮೆ ರೇಸ್ ಕೊಟ್ಟು ಬಿಟ್ಟು, ಇಳಿಯಲು ಎಷ್ಟು ಹೊತ್ತು ಹಿಡಿಯುತ್ತದೆ ಕೇಳಿಸಿಕೊಳ್ಳಿ. ಪೂರ್ತಿ ಹ್ಯಾಂಡಲ್ ತಿರುಗಿಸಿ ನಡಿಗೆಯ ವೇಗದಲ್ಲಿ ಒಂದು ಯೂ ಟರ್ನ್ ಹಾಕಿ. ಆಮೇಲೆ ಶೋರೂಮಿಗೆ ವಾಪಸ್ ಬಂದು, ಹಿಡಿಕೆಯ ಸೆನ್ಸರ್ ಬೇರೆಯಾಗಿ ಸಿಗುತ್ತದೆಯೇ, ಅದರ ಬೆಲೆ ಎಷ್ಟು, ಬರಲು ಎಷ್ಟು ದಿನ ಎಂದು ಸೇಲ್ಸಿನವರನ್ನು ಬಿಟ್ಟು ಸರ್ವೀಸಿನವರನ್ನು ಕೇಳಿ.